ಬ್ರಿಟನ್ನಿನಲ್ಲಿ ಎಡಪಂಥ ಗೆಲ್ಲಲಾರದು ಎಂಬ ಮಾತು ಎಷ್ಟು ನಿಜ?

ಈಚೆಗೆ ಬ್ರಿಟನ್ನಿಗೆ ಬಂದು ನೆಲೆಸಿ ಮತದಾರರ ಪಟ್ಟಿಯಲ್ಲಿ ಹೆಸರು ಬರೆಸಿರುವ ನೀವು, ಇಲ್ಲಿ ಎಡಪಂಥೀಯ ಪಕ್ಷವೊಂದು ಅಧಿಕಾರಕ್ಕೆ ಬರಲು ಸಾಧ್ಯವೇ, ಅಂಥ ಪಕ್ಷಕ್ಕೆ ಹಾಕಿದ ಮತ ವ್ಯರ್ಥವಲ್ಲವೇ ಎಂದು ಕೇಳಿದ್ದೀರಿ. ಭಾರತದ ಪೌರತ್ವ ಉಳಿಸಿಕೊಂಡೇ ಕಾಮನ್‌ವೆಲ್ತ್ ಪ್ರಜೆಯಾಗಿ ಇಲ್ಲಿನ ಸಂಸತ್ ಚುನಾವಣೆಗಳಲ್ಲಿ ಮತ ಹಾಕುತ್ತ ಬಂದ, ಎಡಪಂಥದ ಲೇಬರ್ ಪಕ್ಷವನ್ನು ಬಹುಕಾಲ ನಂಬಿ ಈಗ ಆ ನಂಬಿಕೆ ಕಳೆದುಕೊಂಡಿರುವ ಮತದಾರನಾಗಿ ಉತ್ತರಿಸುತ್ತಿದ್ದೇನೆ. ನಾನು ಕಂಡಂತೆ, ಎಡಪಂಥದ ಕಾರ್ಯಕ್ರಮಗಳನ್ನು ಈ ದೇಶದ ಜನ ತಿರಸ್ಕರಿಸಿಲ್ಲ. ಅವನ್ನು ನಡೆಸಿಕೊಡುತ್ತೇವೆ ಎಂದವರ ಸಾಮರ್ಥ್ಯದ ಬಗ್ಗೆ ಅವರಿಗೆ ಸಂಶಯವಿತ್ತು; ಉಳಿದದ್ದನ್ನು ಚುನಾವಣಾ ಪದ್ಧತಿಯೇ ತೀರ್ಮಾನಿಸಿತು.

ಮೊದಲು ಅಂಕಿಗಳನ್ನು ನೋಡಿ. 2017ರಲ್ಲಿ ಜೆರೆಮಿ ಕಾರ್ಬಿನ್ ನಾಯಕತ್ವದ ಲೇಬರ್ ಪಕ್ಷಕ್ಕೆ ಶೇ. 40ರಷ್ಟು, ಅಂದರೆ ಸುಮಾರು 1 ಕೋಟಿ 28 ಲಕ್ಷ ಮತಗಳು ಬಂದವು. ಸಿಕ್ಕಿದ್ದು 262 ಸ್ಥಾನ, ಸೋಲು. 2024ರಲ್ಲಿ ಕೀರ್ ಸ್ಟಾರ್ಮರ್ ನಾಯಕತ್ವದಲ್ಲಿ ಅದೇ ಪಕ್ಷಕ್ಕೆ ಬಂದದ್ದು ಶೇ. 33.7, ಸುಮಾರು 97 ಲಕ್ಷ ಮತ. ಸಿಕ್ಕಿದ್ದು 411 ಸ್ಥಾನ, ಭಾರಿ ಬಹುಮತ. 2019ರ ಹೀನಾಯ ಸೋಲಿನಲ್ಲೂ, 202 ಸ್ಥಾನಕ್ಕೆ ಕುಸಿದಾಗಲೂ, ಲೇಬರ್‌ಗೆ 2024ಕ್ಕಿಂತ ಹೆಚ್ಚು ಮತಗಳು ಬಂದಿದ್ದವು. ಹಾಗಾದರೆ ಬದಲಾದದ್ದೇನು? ಎದುರಾಳಿಗಳ ಮತ. 2017ರಲ್ಲಿ ಒಗ್ಗಟ್ಟಾಗಿ ಶೇ. 42 ದಾಟಿದ್ದ ಬಲಪಂಥೀಯ ಕನ್ಸರ್ವೇಟಿವ್ ಪಕ್ಷದ ಪಾಲು 2024ರಲ್ಲಿ ಶೇ. 24ಕ್ಕೂ ಕೆಳಗಿಳಿಯಿತು, ಬಲಪಂಥದ ಇನ್ನೊಂದು ದೊಡ್ಡ ಪಾಲನ್ನು ರಿಫಾರ್ಮ್ ಪಕ್ಷ ಎಳೆದುಕೊಂಡಿತು. ಕ್ಷೇತ್ರದಲ್ಲಿ ಒಂದು ಮತ ಹೆಚ್ಚು ಪಡೆದವರೂ ಗೆಲ್ಲುವ ಈ ಪದ್ಧತಿ ನಮ್ಮ ಲೋಕಸಭೆಗೂ ಇಲ್ಲಿಂದಲೇ ಬಂದದ್ದಾದ್ದರಿಂದ ನಿಮಗೆ ಹೆಚ್ಚು ವಿವರಿಸಬೇಕಿಲ್ಲ. 1951ರಲ್ಲಿ ಲೇಬರ್ ಪ್ರಧಾನಿ ಕ್ಲೆಮೆಂಟ್ ಅಟ್ಲೀ ಕನ್ಸರ್ವೇಟಿವ್ ಪಕ್ಷಕ್ಕಿಂತ ಹೆಚ್ಚು ಮತ ಪಡೆದೂ ಅಧಿಕಾರ ಕಳೆದುಕೊಂಡದ್ದು ಇದೇ ಪದ್ಧತಿಯಲ್ಲಿ.

ಆದರೆ ಎಲ್ಲ ತಪ್ಪನ್ನೂ ಪದ್ಧತಿಯ ಮೇಲೆ ಹೊರಿಸಿ ಎಡಪಂಥದವರು ಸುಮ್ಮನಿರುವುದನ್ನು ನಾನು ಒಪ್ಪುವುದಿಲ್ಲ. ಲಂಡನ್ನಿನ ಪಟ್ನಿ ಕ್ಷೇತ್ರದಲ್ಲಿ ನಾನು ಕಂಡದ್ದನ್ನು ಹೇಳುತ್ತೇನೆ. 2017ರಲ್ಲಿ ಅಲ್ಲಿ ಲೇಬರ್ ಅಭ್ಯರ್ಥಿಯಾಗಿದ್ದವರು ಕಲಬುರಗಿ ಕಡೆಯಿಂದ ಬಂದು ಲಂಡನ್ನಿನ ಲ್ಯಾಂಬೆತ್ ಭಾಗದ ಮೇಯರ್ ಆಗಿದ್ದ, ಥೇಮ್ಸ್ ದಂಡೆಯ ಬಸವೇಶ್ವರ ಪ್ರತಿಮೆಯ ಮೂಲಕ ಕನ್ನಡಿಗರಿಗೆಲ್ಲ ಪರಿಚಿತರಾದ ಡಾ. ನೀರಜ್ ಪಾಟೀಲರು. ಹತ್ತು ಸಾವಿರಕ್ಕೂ ಹೆಚ್ಚಿದ್ದ ಕನ್ಸರ್ವೇಟಿವ್ ಅಂತರವನ್ನು ಅವರು 1,554ಕ್ಕೆ ಇಳಿಸಿದರು. ನಾನು ಆ ಕ್ಷೇತ್ರದ ರೋಹ್ಯಾಂಪ್ಟನ್ ಭಾಗದಲ್ಲಿರುವ ಆಲ್ಟನ್ ಎಸ್ಟೇಟಿನ ಕೌನ್ಸಿಲ್ ಮನೆಗಳಲ್ಲಿ (ಸ್ಥಳೀಯ ಆಡಳಿತ ಬಾಡಿಗೆಗೆ ಕೊಡುವ ಮನೆಗಳಲ್ಲಿ) ಪಕ್ಷದ ಪಟ್ಟಿ ಹಿಡಿದು ಬಾಗಿಲು ತಟ್ಟಿದವನು. ನಿವೃತ್ತ ಬಸ್ ಚಾಲಕರೊಬ್ಬರು ಬಾಗಿಲಲ್ಲೇ ನಿಂತು ಕರಪತ್ರವನ್ನು ಸಾಲುಸಾಲಾಗಿ ಓದಿದರು. ರೈಲು ಸರಕಾರದ ಕೈಗೆ ಬರಲಿ ಎಂದರು, ನೀರು ಸರಬರಾಜೂ ಬರಲಿ ಎಂದರು, ಕಾಲೇಜು ಶುಲ್ಕ ರದ್ದಾದರೆ ಮೊಮ್ಮಗಳಿಗೆ ಅನುಕೂಲ ಎಂದರು. ಕೊನೆಗೆ ಕರಪತ್ರ ಮಡಿಸಿ ಕೈಗಿಟ್ಟು, “ಇದನ್ನೆಲ್ಲ ಮಾಡುವ ತಾಕತ್ತು ನಿಮ್ಮವರಿಗಿದೆ ಎಂದು ನನಗನ್ನಿಸುವುದಿಲ್ಲ” ಎಂದರು. ಆ ಒಂದು ವಾಕ್ಯದಲ್ಲಿ ಬ್ರಿಟನ್ನಿನ ಎಡಪಂಥದ ಕಷ್ಟವೆಲ್ಲ ಇದೆ ಎಂದು ನನಗೆ ಇಂದಿಗೂ ಅನ್ನಿಸುತ್ತದೆ.

ಎರಡು ವರ್ಷಗಳ ನಂತರ ಪಕ್ಷ ಆ ಸಂಶಯವನ್ನು ಕಡಿಮೆ ಮಾಡುವ ಬದಲು ಹೆಚ್ಚಿಸಿತು. 2019ರ ಪ್ರಚಾರದ ನಡುವೆ ಎಲ್ಲರಿಗೂ ಉಚಿತ ಬ್ರಾಡ್‌ಬ್ಯಾಂಡ್ ಎಂದಿತು. ಪ್ರಣಾಳಿಕೆ ಹೊರಬಂದ ಕೆಲವೇ ದಿನಗಳಲ್ಲಿ, ಪಿಂಚಣಿ ವಯಸ್ಸಿನ ಏರಿಕೆಯಿಂದ ನೊಂದ ಮಹಿಳೆಯರಿಗೆ 5,800 ಕೋಟಿ ಪೌಂಡ್ ಪರಿಹಾರವನ್ನೂ ಸೇರಿಸಿತು. ಒಂದೊಂದೂ ನ್ಯಾಯವಾದ ಬೇಡಿಕೆಯೇ, ಆದರೆ ಎಲ್ಲವೂ ಒಟ್ಟಿಗೆ ಬಂದಾಗ ಬಡ ಮತದಾರರೇ ನಂಬಲಿಲ್ಲ. ಬ್ರೆಕ್ಸಿಟ್, ಅಂದರೆ ಐರೋಪ್ಯ ಒಕ್ಕೂಟದಿಂದ ಹೊರಬರುವ ವಿಷಯದಲ್ಲಿ ಹೊಸ ಒಪ್ಪಂದ ಮಾಡಿಕೊಂಡು ಮತ್ತೆ ಜನಮತಗಣನೆ ನಡೆಸುತ್ತೇವೆ, ಅದರಲ್ಲಿ ನಾಯಕರು ತಟಸ್ಥರಾಗಿರುತ್ತಾರೆ ಎಂಬ ನಿಲುವು ಯಾರನ್ನೂ ತೃಪ್ತಿಪಡಿಸಲಿಲ್ಲ. ಲೇಬರ್ ಸಂಸದ ಡೆನಿಸ್ ಸ್ಕಿನ್ನರ್ 1970ರಿಂದ ಪ್ರತಿನಿಧಿಸುತ್ತಿದ್ದ ಗಣಿ ಕಾರ್ಮಿಕರ ಬೋಲ್ಸೋವರ್ ಕ್ಷೇತ್ರ ಪಕ್ಷದ ಕೈತಪ್ಪಿತು. ಇಡೀ ದೇಶದಲ್ಲಿ ಲೇಬರ್ ಹೊಸದಾಗಿ ಗೆದ್ದುಕೊಂಡ ಏಕೈಕ ಕ್ಷೇತ್ರ, ಐರೋಪ್ಯ ಒಕ್ಕೂಟದಲ್ಲಿ ಉಳಿಯಲು ಬಯಸಿದ್ದ ಪಟ್ನಿ. ಲಂಡನ್ನಿನಲ್ಲಿ ಗಳಿಸಿ ಗಣಿ ಊರುಗಳಲ್ಲಿ ಕಳೆದುಕೊಳ್ಳುವ ಪಕ್ಷ ಈ ಪದ್ಧತಿಯಲ್ಲಿ ಗೆಲ್ಲಲಾರದು.

ಇದರಿಂದ ಸ್ಟಾರ್ಮರ್ ಕಲಿತ ಪಾಠವೇ ನನ್ನ ಭ್ರಮನಿರಸನಕ್ಕೆ ಕಾರಣ. 2020ರಲ್ಲಿ ಹತ್ತು ವಾಗ್ದಾನಗಳನ್ನು ಕೊಟ್ಟು ಪಕ್ಷದ ನಾಯಕರಾದವರು ಅವರು. ಕಾಲೇಜು ಶುಲ್ಕ ರದ್ದತಿಯ ಮಾತನ್ನು 2023ರಲ್ಲಿ ಬಿಟ್ಟರು, ವರ್ಷಕ್ಕೆ 2,800 ಕೋಟಿ ಪೌಂಡ್ ಹಸಿರು ಹೂಡಿಕೆಯ ಯೋಜನೆಯನ್ನು 2024ರ ಆರಂಭದಲ್ಲಿ ಕೈಬಿಟ್ಟರು. ಮಾತು ಕಡಿಮೆ ಮಾಡಿದರೆ ನಂಬಿಕೆ ತಾನಾಗಿ ಬರುತ್ತದೆ ಎಂದು ಅವರು ಎಣಿಸಿದಂತಿತ್ತು. ಅಧಿಕಾರಕ್ಕೆ ಬಂದ ತಿಂಗಳಲ್ಲೇ ವೃದ್ಧರ ಚಳಿಗಾಲದ ಇಂಧನ ಭತ್ಯೆಯನ್ನು ಬಹುಪಾಲು ಜನರಿಗೆ ನಿಲ್ಲಿಸುವುದಾಗಿ ಸರಕಾರ ಘೋಷಿಸಿತು. ಪ್ರಣಾಳಿಕೆಯಲ್ಲಿ ಆ ಪ್ರಸ್ತಾಪವೇ ಇರಲಿಲ್ಲ. ಮರುವರ್ಷ ಅದನ್ನು ಬಹುಮಟ್ಟಿಗೆ ಹಿಂತೆಗೆದುಕೊಳ್ಳಬೇಕಾಯಿತು. ಮಕ್ಕಳ ನೆರವನ್ನು ಎರಡೇ ಮಕ್ಕಳಿಗೆ ಮಿತಗೊಳಿಸಿದ ನಿಯಮದ ವಿರುದ್ಧ ಮತ ಹಾಕಿದ ತನ್ನದೇ ಏಳು ಸಂಸದರನ್ನು ಪಕ್ಷ ಅಮಾನತು ಮಾಡಿತು. ಬಡಮಕ್ಕಳ ಪರವಾಗಿ ಮತ ಹಾಕಿದ್ದು ಲೇಬರ್ ಪಕ್ಷದಲ್ಲಿ ಶಿಸ್ತುಭಂಗವಾದ ಆ ದಿನವನ್ನು ನಾನು ಕ್ಷಮಿಸಲಾರೆ.

ಅದೇ ಸರಕಾರ ರೈಲುಗಳನ್ನು ಮಾತ್ರ ಸಾರ್ವಜನಿಕ ಒಡೆತನಕ್ಕೆ ತರುತ್ತಿದೆ. 2025ರ ಮೇ ತಿಂಗಳಲ್ಲಿ ಸೌತ್ ವೆಸ್ಟರ್ನ್ ರೈಲ್ವೆ ಸರಕಾರದ ಕೈಗೆ ಬಂತು. ಪಟ್ನಿ ನಿಲ್ದಾಣದಲ್ಲಿ ನಿಲ್ಲುವುದು ಆ ರೈಲುಗಳೇ. 2017ರ ಪ್ರಣಾಳಿಕೆಯಲ್ಲಿದ್ದಾಗ ಇದನ್ನು ಹಳೆಯ ಕಾಲಕ್ಕೆ ಮರಳುವ ಹುಚ್ಚು ಎಂದು ಹಳಿದಿದ್ದರು. ಈಗ ಯಾವ ಗದ್ದಲವೂ ಆಗಲಿಲ್ಲ.

ನಿಮ್ಮ ಮತದ ವಿಷಯಕ್ಕೆ ಬರುತ್ತೇನೆ. 2024ರಲ್ಲಿ 18 ಲಕ್ಷಕ್ಕೂ ಹೆಚ್ಚು ಮತ ಪಡೆದ, ಪರಿಸರವಾದಿ ಎಡಪಂಥೀಯರ ಗ್ರೀನ್ ಪಕ್ಷಕ್ಕೆ ನಾಲ್ಕೇ ಸ್ಥಾನ ಸಿಕ್ಕಿತು. ಆದರೆ ಬ್ರಿಸ್ಟಲ್ ಸೆಂಟ್ರಲ್‌ನಲ್ಲಿ ಅದು ಲೇಬರ್‌ನ ಪ್ರಮುಖ ಸಂಸದೆಯನ್ನೇ ಸೋಲಿಸಿತು, ಸುಮಾರು 40 ಕ್ಷೇತ್ರಗಳಲ್ಲಿ ಎರಡನೆಯ ಸ್ಥಾನಕ್ಕೆ ಬಂತು. ಅಂಥ ಕಡೆ, ಕನ್ಸರ್ವೇಟಿವ್ ಪಕ್ಷವನ್ನು ತಡೆಯಲು ಲೇಬರ್‌ಗೇ ಮತ ಹಾಕಿ ಎಂಬ ಹಳೆಯ ವಾದಕ್ಕೆ ಆಧಾರವಿಲ್ಲ. ಆದ್ದರಿಂದ ನಿಮ್ಮ ಕ್ಷೇತ್ರದ ಫಲಿತಾಂಶದಲ್ಲಿ ಎರಡನೆಯ ಸ್ಥಾನದಲ್ಲಿ ಯಾರಿದ್ದಾರೆ ಎಂಬುದನ್ನು ಮೊದಲು ನೋಡಿ. ಲೇಬರ್ ಪ್ರತಿನಿಧಿಗಳ ಸಮ್ಮೇಳನ 2022ರಲ್ಲೇ ಮತಪ್ರಮಾಣಕ್ಕೆ ತಕ್ಕ ಪ್ರಾತಿನಿಧ್ಯ ಬೇಕೆಂದು ನಿರ್ಣಯಿಸಿದ್ದರೂ ನಾಯಕರು ಅದನ್ನು ಪ್ರಣಾಳಿಕೆಗೆ ಸೇರಿಸಲಿಲ್ಲ. ಮುಂದಿನ ಬಾರಿ ನನ್ನ ಬಾಗಿಲು ತಟ್ಟುವ ಯಾವುದೇ ಪಕ್ಷದ ಕಾರ್ಯಕರ್ತರಿಗೆ ಆ ನಿರ್ಣಯವನ್ನು ಜಾರಿಗೆ ತರುತ್ತೀರಾ ಎಂದು ಕೇಳುತ್ತೇನೆ. ಸ್ಪಷ್ಟವಾಗಿ ಹೌದು ಎನ್ನದವರಿಗೆ ನಾನು ಮತ ಹಾಕುವುದಿಲ್ಲ.