ನಟಿಯ ಬ್ರ್ಯಾಂಡ್, ನಮ್ಮ ಪೊಟ್ಟಣ

ಪ್ರಶ್ನೆ: ಹಲವು ವರ್ಷಗಳಿಂದ ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಮಾಡಿ ಮಾರುತ್ತಿದ್ದೇನೆ. ಹಳದಿ ಪೊಟ್ಟಣ, ಇಳಕಲ್ ಸೀರೆಯಂಥ ಕೆಂಪು ಅಂಚು, ನಡುವೆ ಬೀಸುವ ಕಲ್ಲಿನ ಚಿತ್ರ ನನ್ನ ಗುರುತು. ಈಗ ಸಿನಿಮಾ ನಟಿಯೊಬ್ಬರ ಬ್ರ್ಯಾಂಡಿನ ಚಟ್ನಿ ಬಹುತೇಕ ಅದೇ ರೂಪದಲ್ಲಿ ನಮ್ಮೂರಿನ ಅಂಗಡಿಗಳಿಗೆ ಬಂದಿದೆ. ನಾನು ಟ್ರೇಡ್‌ಮಾರ್ಕ್ ನೋಂದಣಿ ಮಾಡಿಸಿಲ್ಲ. ದಾರಿ ಇದೆಯೇ?
— ಓದುಗರೊಬ್ಬರು, ವಿಜಯಪುರ

ಉತ್ತರ: ಇದೆ, ತಾಯಿ. ನೋಂದಣಿಯಾಗದ ಗುರುತಿಗೂ, ಒಬ್ಬರ ಸರಕನ್ನು ಇನ್ನೊಬ್ಬರದೆಂದು ನಂಬಿಸಿ ಮಾರುವುದರ ವಿರುದ್ಧ ದಾವೆ ಹೂಡುವ ಹಕ್ಕನ್ನು 1999ರ ಟ್ರೇಡ್‌ಮಾರ್ಕ್ ಕಾಯ್ದೆಯ 27ನೆಯ ಕಲಮು ಉಳಿಸಿಕೊಟ್ಟಿದೆ. ಹಳದಿ ಬಣ್ಣವಾಗಲಿ, ಸೀರೆಯ ಅಂಚಾಗಲಿ ಒಬ್ಬರ ಸ್ವತ್ತಲ್ಲ. ಆದರೆ ಇವೆಲ್ಲ ಸೇರಿ ಮೂಡಿದ ಒಟ್ಟು ರೂಪವನ್ನು ನೋಡಿ ಸಾಮಾನ್ಯ ಗಿರಾಕಿ ಮೋಸಹೋಗುವಂತಿದೆಯೇ ಎಂಬುದನ್ನು ನ್ಯಾಯಾಲಯ ಪರಿಶೀಲಿಸುತ್ತದೆ. ಆದ್ದರಿಂದ ಮುದ್ರಣಾಲಯದ ಹಳೆಯ ಬಿಲ್ಲುಗಳು, ಮೊದಲ ಪೊಟ್ಟಣಗಳು, ಮಾರಾಟದ ಲೆಕ್ಕ, ತಪ್ಪಾಗಿ ನಟಿಯ ಬ್ರ್ಯಾಂಡಿನ ಚಟ್ನಿ ಒಯ್ದ ಗಿರಾಕಿಗಳ ಹೇಳಿಕೆ, ಆ ಬ್ರ್ಯಾಂಡಿನ ಪೊಟ್ಟಣ ಕೊಂಡ ರಸೀದಿ, ಇವನ್ನು ಇಂದೇ ಕೂಡಿಸಿಡಿ.

ಬೀಸುವ ಕಲ್ಲಿನ ಚಿತ್ರಕ್ಕೆ 1957ರ ಕೃತಿಸ್ವಾಮ್ಯ ಕಾಯ್ದೆಯ ರಕ್ಷಣೆಯೂ ಉಂಟು, ಅದಕ್ಕೆ ನೋಂದಣಿ ಕಡ್ಡಾಯವಲ್ಲ. ಬೇರೆ ಕಲಾವಿದರು ಬರೆದಿದ್ದರೆ ಅವರಿಂದ ಹಕ್ಕನ್ನು ಲಿಖಿತವಾಗಿ ಪಡೆದುಕೊಳ್ಳಿ. ನಟಿಯ ಬ್ರ್ಯಾಂಡಿನ ಸರಕು ನಿಮ್ಮೂರಿನಲ್ಲೇ ಮಾರಾಟವಾಗುತ್ತಿರುವುದರಿಂದ ದಾವೆಗಾಗಿ ಮುಂಬೈಗೋ ಬೆಂಗಳೂರಿಗೋ ಅಲೆಯಬೇಕಿಲ್ಲ, ವಿಜಯಪುರದ ಜಿಲ್ಲಾ ನ್ಯಾಯಾಲಯದಲ್ಲೇ ಹೂಡಬಹುದು. ಮೊದಲು ವಕೀಲರಿಂದ ನೋಟಿಸು ಕೊಡಿಸಿ, ಜೊತೆಗೆ ಟ್ರೇಡ್‌ಮಾರ್ಕ್ ಅರ್ಜಿಯನ್ನೂ ಸಲ್ಲಿಸಿ. ಅರ್ಜಿಯಲ್ಲಿ ಗುರುತನ್ನು ಬಳಸಲು ತೊಡಗಿದ ದಿನವನ್ನು ದಾಖಲೆಯ ಸಮೇತ ನಮೂದಿಸುವುದನ್ನು ಮರೆಯಬೇಡಿ.