ಎರಡೂ ಕ್ರೋಮಿಯಂ, ಬೇರೆ ಬೇರೆ ಗುರುತು

ಪ್ರಶ್ನೆ: ಎಕ್ಸ್-ರೇ ಹಾಯಿಸಿ ನೋಡಿದರೆ ಕ್ರೋಮಿಯಂ ವಿಷದ್ದೋ ಅಲ್ಲವೋ ಹೇಳಬಹುದು ಎಂದು ಎಂ.ಎಸ್ಸಿ. ಓದುವ ಮಗಳು ಹೇಳುತ್ತಾಳೆ. ಎರಡೂ ಕ್ರೋಮಿಯಂ ತಾನೇ? ಹೇಗೆ ಗೊತ್ತಾಗುತ್ತದೆ?
– ಓದುಗರು, ದಾವಣಗೆರೆ

ಉತ್ತರ: ನನಗೆ ತುಂಬಾ ಇಷ್ಟದ ವಿಷಯ ಕೇಳಿದ್ದೀರಿ. ಆಸ್ಪತ್ರೆಯಲ್ಲಿ ಹಲವು ಶಕ್ತಿಯ ಎಕ್ಸ್-ರೇಗಳನ್ನು ಒಟ್ಟಿಗೆ ಬಿಡುತ್ತಾರೆ. ಇಲ್ಲಿ ಒಂದೊಂದೇ ಶಕ್ತಿಯನ್ನು ಆರಿಸಿ, ಮೆಲ್ಲಗೆ ಏರಿಸುತ್ತಾ ಹೋಗಬೇಕು. 5,989 ಎಲೆಕ್ಟ್ರಾನ್ ವೋಲ್ಟ್ ಮುಟ್ಟಿದಾಗ ಕ್ರೋಮಿಯಂ ಲೋಹ ಒಮ್ಮೆಲೇ ಜಾಸ್ತಿ ಹೀರಿಕೊಳ್ಳುತ್ತದೆ. ತೀರ ಒಳಗಿನ ಎಲೆಕ್ಟ್ರಾನನ್ನು ಕಿತ್ತು ತೆಗೆಯಲು ಬೇಕಾದ ಶಕ್ತಿ ಅದು. ಕಬ್ಬಿಣಕ್ಕಾದರೆ 7,112. ಹಾಗಾಗಿ ಏನೇನೋ ಬೆರೆತ ಮಣ್ಣಿನಲ್ಲೂ ಕ್ರೋಮಿಯಂ ಒಂದನ್ನೇ ವಿಚಾರಿಸಿಕೊಳ್ಳಬಹುದು.

ಈಗ ಬಂಧದ ಮಾತು. ವಿಷದ ಕ್ರೋಮಿಯಂ ಆರು ಎಲೆಕ್ಟ್ರಾನ್ ಬಿಟ್ಟುಕೊಟ್ಟಿರುತ್ತದೆ, ಸುತ್ತ ನಾಲ್ಕು ಆಕ್ಸಿಜನ್. ಚರ್ಮ ಹದ ಮಾಡಲು ಬಳಸುವ ಕ್ರೋಮಿಯಂ ಬಿಟ್ಟುಕೊಟ್ಟಿರುವುದು ಮೂರನ್ನು, ಸುತ್ತ ಸಾಮಾನ್ಯವಾಗಿ ಆರು ಪರಮಾಣು. ಹೆಚ್ಚು ಬಿಟ್ಟುಕೊಟ್ಟಷ್ಟೂ ಉಳಿದವುಗಳ ಮೇಲೆ ನ್ಯೂಕ್ಲಿಯಸ್ಸಿನ ಹಿಡಿತ ಬಿಗಿ. ಹೀರಿಕೊಳ್ಳುವಿಕೆಯ ಆ ಜಿಗಿತ ಮುಂದೆ ಸರಿದು 6,000 ದಾಟುತ್ತದೆ. ಆದರೆ ಗ್ರಾಫಿನಲ್ಲಿ ನಾನು ಮೊದಲು ಕಣ್ಣು ಹಾಯಿಸುವುದು 5,993ರ ಹತ್ತಿರ. ವಿಷದ ಕ್ರೋಮಿಯಂ ಇದ್ದರೆ ಅಲ್ಲಿ ಚೂಪಾದ ಮೊನೆಯೊಂದು ನೆಟ್ಟಗೆ ಎದ್ದಿರುತ್ತದೆ. ನಾಲ್ಕು ಆಕ್ಸಿಜನ್ ಕೂತಿರುವ ರೀತಿಯಿಂದಾಗಿ ಒಳಗಿನ ಎಲೆಕ್ಟ್ರಾನಿಗೆ ಖಾಲಿ ಜಾಗಕ್ಕೆ ಹಾರಲು ದಾರಿ ಸಿಕ್ಕಿರುತ್ತದೆ. ಆರು ಪರಮಾಣು ಎಲ್ಲ ಕಡೆ ಸಮವಾಗಿ ಕೂತರೆ ಆ ದಾರಿ ಹೆಚ್ಚುಕಡಿಮೆ ಬಂದ್. ಆಗ ಕಾಣುವುದು ಸಣ್ಣ ಉಬ್ಬು ಅಷ್ಟೇ.

ವ್ಯಾನ್ ಗೋನ ಚಿತ್ರಗಳಲ್ಲಿ ಕ್ರೋಮಿಯಂ ಇರುವ ಹಳದಿ ಬಣ್ಣ ಯಾಕೆ ಕಂದಾಗುತ್ತಿದೆ ಎಂಬುದು ಬಗೆಹರಿದದ್ದೂ ಹೀಗೇ. 2011ರಲ್ಲಿ ಲೆಟೀಝಿಯಾ ಮೋನಿಕೋ ಮತ್ತು ಸಂಗಡಿಗರು ಫ್ರಾನ್ಸಿನ ಗ್ರೆನೋಬಲ್‌ನಲ್ಲಿ ಬಣ್ಣದ ಚೂರುಗಳನ್ನು ಪರೀಕ್ಷಿಸಿದರು. ಮೇಲಿನ ತೆಳು ಪದರದಲ್ಲಿ ಆರರ ಕ್ರೋಮಿಯಂ ಮೂರಕ್ಕೆ ಇಳಿದಿತ್ತು. ಬೆಳಕಿನ ಕೆಲಸ ಅದು.

ಜಿಗಿತದ ನಂತರ ಗ್ರಾಫಿನಲ್ಲಿ ಸಣ್ಣ ಏರಿಳಿತಗಳೂ ಇರುತ್ತವೆ. ಹೊರಬಿದ್ದ ಎಲೆಕ್ಟ್ರಾನ್ ಅಲೆ ಪಕ್ಕದ ಪರಮಾಣುಗಳಿಗೆ ಬಡಿದು ಮರಳುವುದರಿಂದ ಅವು ಹುಟ್ಟುತ್ತವೆ. ಅವುಗಳಿಂದ ಪರಮಾಣುಗಳ ನಡುವಿನ ದೂರ ಲೆಕ್ಕ ಹಾಕುವ ದಾರಿಯನ್ನು 1971ರಲ್ಲಿ ಸೇಯರ್ಸ್, ಸ್ಟರ್ನ್ ಮತ್ತು ಲೈಟಲ್ ತೋರಿಸಿದರು. ಹರಳೇ ಬೇಕೆಂದಿಲ್ಲ, ದ್ರಾವಣವೂ ಆದೀತು.

ನಮ್ಮಲ್ಲಿ ಇದಕ್ಕೆ ಇಂದೋರಿನ ರಾಜಾ ರಾಮಣ್ಣ ಕೇಂದ್ರದಲ್ಲಿ ಇಂಡಸ್-2 ಎಂಬ ಎಕ್ಸ್-ರೇ ಕೊಡುವ ದೊಡ್ಡ ಯಂತ್ರ (ಸಿಂಕ್ರೊಟ್ರಾನ್) ಇದೆ. ರಾಮಣ್ಣ ನಮ್ಮ ತುಮಕೂರು ಕಡೆಯವರು, ಅಲ್ವಾ? ಪರೀಕ್ಷಿಸಬೇಕಾದ ಪುಡಿಯನ್ನು ಬೋರಾನ್ ನೈಟ್ರೈಡ್ ಜೊತೆ ಅರೆದು, ಬಿಲ್ಲೆ ಒತ್ತಿ, ಟೇಪಿನಲ್ಲಿ ಸುತ್ತಿ ಇಡುತ್ತೇವೆ. ವಿಶ್ವವಿದ್ಯಾಲಯದವರೂ ಅರ್ಜಿ ಹಾಕಬಹುದು. ಮಗಳಿಗೆ ಹೇಳಿ, ಗೈಡ್ ಜೊತೆ ಮಾತಾಡಲಿ.