ಪಾಸ್ಟರಮ್ಮನಿಗೆ ಕಷ್ಟ ಅಂತ ಹೇಳೋ ಹಕ್ಕಿಲ್ವಾ?

ಪ್ರಶ್ನೆ: ಅಕ್ಕಾ, ನಮ್ಮ ಯಜಮಾನರು ನಾಲ್ಕು ವರ್ಷದ ಹಿಂದೆ ದೇವರ ಕರೆ ಇದೆ ಅಂತ ಕಂಪನಿ ಕೆಲಸ ಬಿಟ್ಟು ಫುಲ್ ಟೈಮ್ ಸೇವೆಗೆ ಬಂದ್ರು. ಸಭೇಲಿ ಇರೋದು ಮೂವತ್ತು ಮನೆ, ಎಲ್ಲಾ ಕೂಲಿನಾಲಿ ಮಾಡೋರು, ಒಂದು ತಿಂಗಳು ಕಾಣಿಕೆ ಬಂದಂಗೆ ಇನ್ನೊಂದು ತಿಂಗಳು ಬರಲ್ಲ. ಮಗಳ ಸ್ಕೂಲ್ ಫೀಸ್ ಎರಡು ಕಂತು ಬಾಕಿ ಇದೆ, ನನ್ನ ಬಳೆ ಅಡ ಇಟ್ಟಿದ್ದೀವಿ. ನಾನು ಯಾವತ್ತೂ ಬಾಯಿ ಬಿಟ್ಟೋಳಲ್ಲ, ಮೊನ್ನೆ ಮಹಿಳಾ ಕೂಟದಲ್ಲಿ ತಡೀಲಾರದೆ ಕಷ್ಟ ಅಂದೆ, ಅದಕ್ಕೆ ಹಿರಿಯರೊಬ್ಬರು "ಪಾಸ್ಟರಮ್ಮ ಆಗಿ ಹಿಂಗಾ ಮಾತಾಡೋದು, ಮಿಷನರಿಗಳು ಹೆಂಡ್ತಿ ಮಕ್ಕಳನ್ನ ಮಣ್ಣು ಮಾಡಿ ಸೇವೆ ಮಾಡಿದ್ರು" ಅಂದುಬಿಟ್ರು. ಅವತ್ತಿಂದ ನಿದ್ದೆ ಇಲ್ಲ. ನನಗೆ ವಿಶ್ವಾಸ ಕಡಿಮೆನಾ ಅಕ್ಕಾ?
– ಒಬ್ಬ ಸಹೋದರಿ, ಗದಗ ಜಿಲ್ಲೆ

ಉತ್ತರ: ಇಲ್ಲ ತಂಗಿ. ನಿನ್ನ ಕಾಗದ ಓದಿ ಮೊದಲು ನನಗೆ ನಮ್ಮಮ್ಮನ ಮುಖ ನೆನಪಾಯ್ತು. ನಾನೂ ಪಾಸ್ಟರ್ ಮಗಳೇ. ಭಾನುವಾರ ಆರಾಧನೆ ಮುಗಿದ ಮೇಲೆ ಮನೆಗೆ ಬಂದ ಎಲ್ಲರಿಗೂ ಚಾ ಕೊಟ್ಟು, ರಾತ್ರಿ ನಮಗೆ ಬಡಿಸಿ, ತಾನು ಮಾತ್ರ "ನಂಗೆ ಹಸಿವಿಲ್ಲ" ಅಂತ ಮಲಗ್ತಿದ್ದಳು, ಅದು ಸುಳ್ಳು ಅಂತ ಗೊತ್ತಾಗೋ ಹೊತ್ತಿಗೆ ನಾನು ಹೈಸ್ಕೂಲಿಗೆ ಬಂದಿದ್ದೆ. ಅಮ್ಮನಿಗೆ ಕಷ್ಟ ಇದೆಯಾ ಅಂತ ಸಭೇಲಿ ಒಬ್ಬರೂ ಕೇಳಲಿಲ್ಲ, ಅಪ್ಪನೂ ಕೇಳಲಿಲ್ಲ. ಹಾಗಾಗಿ ನಿನ್ನ ಪ್ರಶ್ನೆಗೆ ಪುಸ್ತಕ ನೋಡಿ ಉತ್ತರ ಹೇಳೋಕೆ ನನ್ನಿಂದ ಆಗಲ್ಲ.

ಆದರೂ ಆ ಹಿರಿಯರು ಮಿಷನರಿಗಳ ಹೆಸರು ಎತ್ತಿದ್ದಾರಲ್ಲ, ಹಾಗಾದ್ರೆ ಆ ಕಥೇನ ಪೂರ್ತಿ ಹೇಳೋಣ. ವಿಲಿಯಂ ಕೇರಿ ಅಂದ್ರೆ ಎಲ್ಲರಿಗೂ ಗೊತ್ತು, ಬಂಗಾಳದ ಸೆರಾಂಪುರದಲ್ಲಿ ಎಷ್ಟೋ ಭಾಷೆಗೆ ಬೈಬಲ್ ತಂದವರು, 1817ರಲ್ಲಿ ನಮ್ಮ ಕನ್ನಡಕ್ಕೂ ಒಂದು ವ್ಯಾಕರಣ ಪ್ರಿಂಟ್ ಮಾಡಿದವರು. ಅವರ ಹೆಂಡತಿ ಡೊರೊಥಿ 1793ರಲ್ಲಿ ಇಂಡಿಯಾಕ್ಕೆ ಬರೋದಿಲ್ಲ ಅಂತ ಹೇಳಿದ್ದಳು, ಮಡಿಲಲ್ಲಿ ಹಸುಗೂಸು ಇತ್ತು. ಕೊನೇ ಗಳಿಗೇಲಿ ಒತ್ತಾಯಕ್ಕೆ ಒಪ್ಪಿ, ತಂಗೀನ ಜೊತೆಗೆ ಕರ್ಕೊಂಡು ಹಡಗು ಹತ್ತಿದಳು. ಮಾರನೇ ವರ್ಷ ಐದು ವರ್ಷದ ಮಗ ಪೀಟರ್ ಭೇದಿಯಾಗಿ ತೀರಿಕೊಂಡ. ಡೊರೊಥಿಯ ಮನಸ್ಸು ಆಮೇಲೆ ಸರಿಹೋಗಲೇ ಇಲ್ಲ, 1807ರಲ್ಲಿ ಸಾಯೋವರೆಗೂ ಅವಳನ್ನ ಕೋಣೇಲಿ ಇಟ್ಟು ನೋಡ್ಕೋಬೇಕಾಯ್ತು. ಸಭೆಗಳಲ್ಲಿ ಕೇರಿ ಬಗ್ಗೆ ನಾನು ಎಷ್ಟು ಪ್ರಸಂಗ ಕೇಳಿದ್ದೀನೋ ಲೆಕ್ಕ ಇಲ್ಲ, ಡೊರೊಥಿಗೆ ಅಂತ ಒಂದು ನಿಮಿಷ ಕೊಟ್ಟಿದ್ದು ಕೇಳಿಲ್ಲ. ಅದು ನನಗೆ ಈಗಲೂ ನೋವು ಕೊಡುತ್ತೆ.

ನಮ್ಮ ಕಡೆಗೇ ಬಾ. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್‌ನೋರು 1834ರಲ್ಲಿ ಮಂಗಳೂರಿಗೆ ಬಂದ್ರು. ಶಬ್ದಕೋಶದ ಕಿಟ್ಟೆಲ್ ಸಾಹೇಬರ ಹೆಸರು ಕನ್ನಡ ಓದಿದ ಎಲ್ಲರಿಗೂ ಗೊತ್ತು, ಅವರು 1860ರಲ್ಲಿ ಪೌಲಿನೆ ಅನ್ನೋಳನ್ನ ಮದುವೆಯಾದ್ರು, ನಾಲ್ಕೇ ವರ್ಷಕ್ಕೆ, 1864ರಲ್ಲಿ, ಅವಳು ತೀರಿಹೋದಳು. ಶಬ್ದಕೋಶ ಹೊರಗೆ ಬಂದಿದ್ದು 1894ರಲ್ಲಿ. ಇದಕ್ಕಿಂತ ನನ್ನ ಹೊಟ್ಟೆ ಉರಿಸೋದು ಮಕ್ಕಳ ವಿಷಯ. ಇಲ್ಲಿ ಹುಟ್ಟಿದ ಮಿಷನರಿ ಮಕ್ಕಳು ಸ್ಕೂಲಿಗೆ ಹೋಗೋ ವಯಸ್ಸಿಗೆ ಬಂದ್ರೆ ಸಾಕು ಯುರೋಪಿಗೆ ಕಳಿಸಬೇಕು, ಬಾಸೆಲ್‌ನಲ್ಲಿ ಅದಕ್ಕೇ ಅಂತ ಮಕ್ಕಳ ಮನೆ ಇತ್ತು. ಅಪ್ಪ ಅಮ್ಮ ಇಲ್ಲಿ, ಮಕ್ಕಳು ಅಲ್ಲಿ, ಮಧ್ಯೆ ತಿಂಗಳುಗಟ್ಟಲೆ ತಡವಾಗಿ ಬರೋ ಕಾಗದ. ಮಲಯಾಳಂ ನಿಘಂಟು ಬರೆದ ಗುಂಡರ್ಟ್ ಅವರ ಮಗಳು ಮರಿಯಾ 1842ರಲ್ಲಿ ತಲಶ್ಶೇರೀಲಿ ಹುಟ್ಟಿದಳು, ಚಿಕ್ಕೋಳಿದ್ದಾಗಲೇ ಯುರೋಪಲ್ಲಿ ಬಿಟ್ಟು ಬಂದ್ರು, ಮತ್ತೆ ಇಂಡಿಯಾಕ್ಕೆ ಅಪ್ಪ ಅಮ್ಮನ ಹತ್ರ ಬಂದಾಗ ಹದಿನೈದು ವರ್ಷದ ಹುಡುಗಿ. ಕರೆ ಬಂದಿದ್ದು ಅಪ್ಪನಿಗೆ, ಅಮ್ಮ ಇಲ್ಲದೆ ಬೆಳೆದಿದ್ದು ಆ ಕೂಸು.

ಮಿಷನರಿಗಳು ಮಾಡಿದ್ದು ತಪ್ಪು ಅಂತ ಹೇಳ್ತಿಲ್ಲ ತಂಗಿ. ಅವರು ಬರದಿದ್ರೆ ನಮ್ಮೂರಲ್ಲಿ ಎಷ್ಟೋ ಜನ ಅಕ್ಷರಾನೇ ಕಾಣ್ತಿರಲಿಲ್ಲ, ಅವರ ಋಣ ದೊಡ್ಡದು. ಆದ್ರೆ ತ್ಯಾಗ ಅನ್ನೋದು ನಮ್ಮ ಕೈಯಿಂದ ನಮ್ಮದನ್ನ ಕೊಡೋದು. ಹೆಂಡತಿ ಊಟ, ಮಗಳ ಓದು, ಇವನ್ನ ಅವರನ್ನ ಕೇಳದೆ ತೆಗೆದು ದೇವರ ಪಾದಕ್ಕೆ ಇಟ್ಟರೆ ಅದು ಬೇರೆಯವರ ಚೀಲದಿಂದ ತೆಗೆದು ಹಾಕಿದ ಕಾಣಿಕೆ. ಯೇಸುಸ್ವಾಮಿ ಇದನ್ನೇ ಅಲ್ವಾ ಮಾರ್ಕ 7ರಲ್ಲಿ ಬೈದಿದ್ದು, ನಿಮಗೆ ಕೊಡಬೇಕಾದ್ದು ದೇವರಿಗೆ ಕೊರ್ಬಾನ್, ಅಂದ್ರೆ ಕಾಣಿಕೆ, ಆಗಿಹೋಯ್ತು ಅಂತ ಹೇಳಿ ಅಪ್ಪ ಅಮ್ಮನ್ನ ನೋಡ್ಕೊಳ್ಳದೆ ಇದ್ದೋರನ್ನ? ಸ್ವಂತ ಮನೆಯವರನ್ನ ನೋಡ್ಕೊಳ್ಳದೋನು ನಂಬದವನಿಗಿಂತ ಕಡೆ ಅಂತ ಪೌಲ ತಿಮೊಥೆಯನಿಗೆ ಬರೆದ ಕಾಗದದಲ್ಲಿ ನೇರವಾಗೇ ಇದೆ. ಆ ಹಿರಿಯರಿಗೆ ಈ ಎರಡು ವಾಕ್ಯ ತೋರಿಸು, ಸಿಟ್ಟಿಂದ ಬೇಡ, ಸಮಾಧಾನದಿಂದ ತೋರಿಸು.

ಇನ್ನೊಬ್ಬರ ಕಥೆ ನಿಮ್ಮ ಯಜಮಾನರಿಗೆ ಹೇಳು. ಹರ್ಮನ್ ಮೋಗ್ಲಿಂಗ್, 1843ರಲ್ಲಿ ಕನ್ನಡದ ಮೊದಲ ಪತ್ರಿಕೆ ಮಂಗಳೂರ ಸಮಾಚಾರ ಶುರು ಮಾಡಿದವರು. ತುಂಬಾ ವರ್ಷ ಒಂಟಿಯಾಗೇ ಇದ್ದು ಸೇವೆ ಮಾಡಿದ್ರು, ಜೊತೆಗಾರ ವೈಗ್ಲೆ ತೀರಿಕೊಂಡ ಮೇಲೆ ಅವರ ವಿಧವೇನ ಮದುವೆಯಾಗಿ ಆ ಮಕ್ಕಳಿಗೂ ಅಪ್ಪನಾದ್ರು. ಕೊಡಗಿನ ಆನಂದಪುರದಲ್ಲಿ ಅವರ ಕೆಲಸ ಇನ್ನೂ ಬೇರು ಬಿಡ್ತಿತ್ತು, ಅಷ್ಟರಲ್ಲಿ ಹೆಂಡತಿಗೆ ಆರೋಗ್ಯ ಕೆಟ್ಟಿತು, 1860ರಲ್ಲಿ ಎಲ್ಲಾ ಬಿಟ್ಟು ಅವರನ್ನ ಕರ್ಕೊಂಡು ಜರ್ಮನಿಗೆ ಹೋದ್ರು. ಇವತ್ತು ಮೋಗ್ಲಿಂಗ್ ಸೇವೆ ಬಿಟ್ಟು ಓಡಿಹೋದ್ರು ಅಂತ ಯಾರಾದ್ರೂ ಅಂತಾರಾ? ಹೆಂಡತಿ ಕೈ ಹಿಡ್ಕೊಂಡು ಹಡಗು ಹತ್ತಿದ್ದೂ ಸೇವೆನೇ ಅಂತ ನಾನು ನಂಬ್ತೀನಿ.

ಈಗ ಮಾಡಬೇಕಾದ್ದು. ಒಂದು ರಾತ್ರಿ ಮಕ್ಕಳು ಮಲಗಿದ ಮೇಲೆ ಇಬ್ಬರೂ ಕೂತು ನೋಟ್‌ಬುಕ್ಕಲ್ಲಿ ಬಾಡಿಗೆ, ರೇಷನ್, ಫೀಸ್, ಬಡ್ಡಿ ಎಲ್ಲಾ ಬರೀರಿ, ನಿಮ್ಮ ಯಜಮಾನರ ಕೈಯಲ್ಲೇ ಬರೆಸು, ಯಾಕಂದ್ರೆ ಗಂಡಸರಿಗೆ ಬಾಯಲ್ಲಿ ಹೇಳಿದ್ದು ಗೊಣಗಾಟ ಥರ ಕೇಳುತ್ತೆ, ಬರೆದಿದ್ದು ಲೆಕ್ಕ ಥರ ಕಾಣುತ್ತೆ. ಆ ಲೆಕ್ಕ ಸಭೆ ಕಮಿಟಿ ಮುಂದೆ ಹೋಗಲಿ. ಸಾಲದಿದ್ರೆ ನಿಮ್ಮ ಯಜಮಾನರು ವಾರದಲ್ಲಿ ಮೂರು ದಿನ ಏನಾದ್ರೂ ಕೆಲಸ ಮಾಡಲಿ. ಪೌಲನೇ ಕೊರಿಂಥದಲ್ಲಿ ಅಕ್ವಿಲ ಪ್ರಿಸ್ಕಿಲ್ಲರ ಮನೇಲಿದ್ದು ಗುಡಾರ ಹೊಲಿದ, ಅಪೊಸ್ತಲರ ಕೃತ್ಯಗಳು 18ರಲ್ಲಿದೆ, ಅದರಿಂದ ಅವನ ಕರೆ ಏನೂ ಕಡಿಮೆ ಆಗಲಿಲ್ಲ. ನಿದ್ದೆ ಇಲ್ಲ ಅಂದ್ಯಲ್ಲ, ಎರಡು ವಾರದ ಮೇಲೆ ಹಿಂಗೇ ಇದ್ರೆ ಪ್ರಾರ್ಥನೆ ಜೊತೆಗೆ ಡಾಕ್ಟರ್ ಹತ್ರನೂ ಹೋಗು, ಮುಂದೂಡಬೇಡ. ಪ್ರವಾದಿ ಎಲೀಯ ಸಾಕಪ್ಪಾ ಸಾಕು, ನನ್ನ ಪ್ರಾಣ ತಗೋ ಅಂತ ಗಿಡದ ಕೆಳಗೆ ಬಿದ್ದುಕೊಂಡಾಗ ದೇವದೂತ ಬಂದು ನಿನ್ನ ವಿಶ್ವಾಸ ಎಲ್ಲಿ ಅಂತ ಕೇಳಲಿಲ್ಲ, ಎದ್ದು ಊಟ ಮಾಡು ಅಂದ, ಅವನು ತಿಂದು ಮತ್ತೆ ಮಲಗಿದ, ದೂತ ಇನ್ನೊಂದು ಸಲ ಎಬ್ಬಿಸಿ ಊಟ ಕೊಟ್ಟ. ನೀನೂ ಮೊದಲು ಊಟ ಮಾಡು, ಎಲ್ಲರ ಜೊತೆ ಕೂತು ಮಾಡು.

ಪ್ರಶ್ನೆ: ನಮ್ಮದು ಬಡ ಸಭೆ. ಪಾಸ್ಟರಿಗೆ ಇಷ್ಟೇ ಸಂಬಳ ಅಂತ ಫಿಕ್ಸ್ ಮಾಡೋಕೆ ನಮಗೆ ಶಕ್ತಿ ಇಲ್ಲ. ದೇವರು ಒದಗಿಸ್ತಾನೆ ಅಂತ ಬಿಟ್ಟರೆ ತಪ್ಪಾ?
– ಸಭೆ ಖಜಾಂಚಿ, ಹಾಸನ

ಉತ್ತರ: ಅಣ್ಣಾ, ದೇವರು ಒದಗಿಸೋದು ಹೆಚ್ಚಾಗಿ ನಮ್ಮ ಕೈಯಿಂದಲೇ. ಸುವಾರ್ತೆ ಸಾರೋರು ಸುವಾರ್ತೆಯಿಂದಲೇ ಜೀವನ ಮಾಡಬೇಕು ಅಂತ 1 ಕೊರಿಂಥ 9ರಲ್ಲಿ ಕರ್ತನ ಅಪ್ಪಣೆ ಅಂತಲೇ ಬರೆದಿದೆ, ಕಣ ತುಳಿಯೋ ಎತ್ತಿಗೆ ಬಾಯಿಕುಕ್ಕೆ ಹಾಕಬೇಡ ಅನ್ನೋ ಮಾತೂ ಅಲ್ಲೇ ಇದೆ. ಶಕ್ತಿ ಇಲ್ಲ ಅನ್ನೋದನ್ನ ನಾನು ಒಪ್ತೀನಿ, ಆದ್ರೆ ಮಿಜೋರಾಂ ನೋಡಿ, ಅಲ್ಲಿ ಸಭೆಯ ಹೆಣ್ಣುಮಕ್ಕಳು 1910ರಿಂದ ಪ್ರತಿ ಅಡುಗೆಗೆ ಅಕ್ಕಿ ಅಳೆಯುವಾಗ ಒಂದು ಹಿಡಿ ತೆಗೆದು ಬೇರೆ ಇಡ್ತಾರೆ, ಅದನ್ನ ಕೂಡಿಸಿ ಮಾರಿ ಸೇವೆಗೆ ಕೊಡ್ತಾರೆ. ಶುರು ಮಾಡಿದಾಗ ಅವರೂ ಬಡವರೇ. ನಿಮ್ಮಲ್ಲಿ ಸಂಬಳ ಫಿಕ್ಸ್ ಆಗದಿದ್ರೆ ಹೋಗಲಿ, ಪಾಸ್ಟರ್ ಮನೆ ಅಕ್ಕಿ, ಬೇಳೆ, ಮಕ್ಕಳ ಫೀಸ್ ಈ ಮೂರನ್ನ ಸಭೆ ಹೊತ್ಕೊಳ್ಳಲಿ. ಮುಂದಿನ ಭಾನುವಾರದ ಹೊತ್ತಿಗೆ ಯಾರಾದ್ರೂ ಇಬ್ಬರು ಹೆಣ್ಣುಮಕ್ಕಳು ಪಾಸ್ಟರಮ್ಮನ ಅಡುಗೆಮನೆಗೆ ಹೋಗಿ ಅಕ್ಕಿ ಡಬ್ಬಿ ಮುಚ್ಚಳ ತೆಗೆದು ನೋಡ್ಲಿ.